ಅಂಚೆ ಬಟವಾಡೆಯ ಕೆಲಸ: ಡ್ರೋನ್ ಬಿಡಿ, ಕೈಯಲ್ಲಿರುವ ಸ್ಕ್ಯಾನರ್ ನೋಡಿ

ಪ್ರಶ್ನೆ: ನನಗೆ 24 ವರ್ಷ. ಅಂಚೆ ಬಟವಾಡೆಯ ಕೆಲಸಕ್ಕೆ ಸೇರುವ ಅವಕಾಶ ಬಂದಿದೆ. ಸಾರ್ಟಿಂಗ್ ಕೇಂದ್ರದ ಹುದ್ದೆಗೂ ಅರ್ಜಿ ಹಾಕಬಹುದು. ಮನೆಯ ಹಿರಿಯರು, ‘ಇನ್ನು ಹತ್ತು ವರ್ಷಕ್ಕೆ ಡ್ರೋನು, ರೋಬಾಟುಗಳೇ ಪತ್ರ ಹಂಚುತ್ತವೆ, ಗೊತ್ತಿದ್ದೂ ಗೊತ್ತಿದ್ದೂ ಹಳ್ಳಕ್ಕೆ ಬೀಳಬೇಡ’ ಎನ್ನುತ್ತಿದ್ದಾರೆ. ಯಾಂತ್ರೀಕರಣದಿಂದ ಈ ಕೆಲಸಕ್ಕೆ ನಿಜವಾಗಿ ಎಷ್ಟು ಅಪಾಯವಿದೆ? ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಅದರ ಉತ್ತರ ಸಲೀಸು. ಎರಡೂ ಹುದ್ದೆಗಳ ಸಂಬಳ, ಭದ್ರತೆ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಬಟವಾಡೆಗೆ ಹೋಗಿ. ಬಿಸಿಲು ಮಳೆಯಲ್ಲಿ ಬೀಟ್ ಸುತ್ತುವುದಕ್ಕಿಂತ ಸೂರಿನ ಕೆಳಗೆ ನಿಂತು ಲಕೋಟೆ ವಿಂಗಡಿಸುವುದು ಆರಾಮ ಎಂದು ಯಾರಿಗಾದರೂ ಅನಿಸುತ್ತದೆ. ತೊಂದರೆಯೇನೆಂದರೆ ಯಂತ್ರಕ್ಕೂ ಹಾಗೆಯೇ ಅನಿಸುತ್ತದೆ. ಸಮತಟ್ಟಾದ ನೆಲ, ಒಂದೇ ಬೆಳಕು, ಒಂದೇ ಅಳತೆಯ ಲಕೋಟೆಗಳು ಇದ್ದರೆ ಅದಕ್ಕೆ ಬಲು ಸುಖ.

ಅಂಚೆಗೆ ಯಂತ್ರ ಬಂದು ಅರವತ್ತು ವರ್ಷಗಳ ಮೇಲಾಯಿತು. ಅಮೆರಿಕದ ಅಂಚೆ ಇಲಾಖೆ 1960ರಲ್ಲಿ ಪ್ರಾವಿಡೆನ್ಸ್ ನಗರದಲ್ಲಿ ಯಂತ್ರಗಳಿಂದಲೇ ನಡೆಯುವ ಮಾದರಿ ಅಂಚೆ ಕಚೇರಿಯನ್ನು ತೆರೆಯಿತು. 1963ರಲ್ಲಿ, ನಮ್ಮ ಪಿನ್ ಕೋಡ್‌ನಂಥ ಐದಂಕಿಯ ಜಿಪ್ ಕೋಡ್ ಬಂತು. 1965ರಲ್ಲಿ ಡೆಟ್ರಾಯಿಟ್‌ನಲ್ಲಿ, ಅಚ್ಚಾದ ವಿಳಾಸವನ್ನು ತಾನೇ ಓದಿಕೊಳ್ಳುವ ಯಂತ್ರ ಕೆಲಸಕ್ಕಿಳಿಯಿತು. ಕೈಬರಹ ಮಾತ್ರ ದಶಕಗಳ ಕಾಲ ಅದಕ್ಕೆ ಜಗ್ಗಲಿಲ್ಲ. ಅದಕ್ಕಾಗಿ ರಿಮೋಟ್ ಎನ್‌ಕೋಡಿಂಗ್ ಕೇಂದ್ರಗಳು ಹುಟ್ಟಿಕೊಂಡವು. ಯಂತ್ರಕ್ಕೆ ಓದಲಾಗದ ಲಕೋಟೆಯ ಚಿತ್ರ ಎಲ್ಲೋ ದೂರದ ಊರಿನ ಕಂಪ್ಯೂಟರ್ ಪರದೆಯ ಮೇಲೆ ಮೂಡುತ್ತಿತ್ತು, ಅಲ್ಲಿ ಕುಳಿತವರು ಅದನ್ನು ಓದಿ ವಿಳಾಸ ಟೈಪ್ ಮಾಡುತ್ತಿದ್ದರು. 1997ರಲ್ಲಿ ಇಂಥ 55 ಕೇಂದ್ರಗಳಿದ್ದವು.

ಅಷ್ಟರಲ್ಲಿ, ಬೆಂಗಳೂರಿನಲ್ಲಿ ಓದಿ ಅಮೆರಿಕಕ್ಕೆ ಹೋಗಿದ್ದ ಸರಗೂರು ಶ್ರೀಹರಿ ಅವರ ತಂಡ ಬಫಲೋ ವಿಶ್ವವಿದ್ಯಾಲಯದಲ್ಲಿ ಕೈಬರಹದ ವಿಳಾಸವನ್ನೂ ಓದಬಲ್ಲ ತಂತ್ರಾಂಶವನ್ನು ಸಿದ್ಧಪಡಿಸಿತು. (ಇಂದು ಎಲ್ಲರ ಬಾಯಲ್ಲಿರುವ ಕೃತಕ ಬುದ್ಧಿಮತ್ತೆಯ ಒಂದು ಬೇರು ಕೂಡ ಅಂಚೆಯಲ್ಲೇ ಇದೆ. 1989ರಲ್ಲಿ ಸಂಶೋಧಕ ಯಾನ್ ಲೆಕುನ್ ಮತ್ತು ಸಂಗಡಿಗರು, ಉದಾಹರಣೆಗಳನ್ನು ನೋಡಿ ಯಂತ್ರ ತಾನೇ ಕಲಿಯುವ ತಮ್ಮ ನರಜಾಲ ವಿಧಾನವನ್ನು ಪರೀಕ್ಷಿಸಿದ್ದು ಬಫಲೋ ಅಂಚೆ ಕಚೇರಿಯನ್ನು ಹಾದುಹೋದ ಲಕೋಟೆಗಳ ಮೇಲಿನ ಕೈಬರಹದ ಅಂಕಿಗಳ ಮೇಲೆ.) ಓದುವ ವಿದ್ಯೆ ಯಂತ್ರಕ್ಕೆ ಕರಗತವಾದಂತೆ ಆ ಕೇಂದ್ರಗಳು ಒಂದೊಂದಾಗಿ ಮುಚ್ಚಿದವು, ಈಗ ಬೆರಳೆಣಿಕೆಯಷ್ಟೂ ಉಳಿದಿಲ್ಲ ಎನ್ನಬಹುದು. ಅಲ್ಲಿ ಕೆಲಸ ಮಾಡುತ್ತಿದ್ದವರೇನೂ ಹಳೆಯ ಕಾಲದವರಲ್ಲ. ಯಂತ್ರ ಬಂದ ಮೇಲೆ, ಯಂತ್ರದ ಕೊರತೆಯನ್ನು ತುಂಬುವುದಕ್ಕೆಂದೇ ಸೇರಿಸಿಕೊಂಡವರು. ಯಾವುದಾದರೂ ಹುದ್ದೆಗೆ ‘ಇದು ಹೊಸ ತಂತ್ರಜ್ಞಾನದ ಕೆಲಸ, ಭವಿಷ್ಯವಿದೆ’ ಎಂದು ಹೇಳಿ ಕರೆದರೆ, ಆ ಕೆಲಸ ಇರುವುದು ಯಂತ್ರಕ್ಕೆ ಇನ್ನೂ ಬಾರದ ಒಂದೇ ಒಂದು ವಿದ್ಯೆಯ ಬಲದ ಮೇಲೆಯೇ ಎಂದು ವಿಚಾರಿಸಿ. ಹೌದಾದರೆ ಅದರ ಆಯುಷ್ಯ ಕಡಿಮೆ.

ಇನ್ನು ಬಟವಾಡೆಯವರ ಮಾತು. ಅವರನ್ನು ಯಂತ್ರ ಮುಟ್ಟಿಯೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಹಿಂದೆ ವಿತರಕರು ಬೆಳಿಗ್ಗೆ ಕಚೇರಿಗೆ ಬಂದು ತಮ್ಮ ಬೀಟಿನ ಕಾಗದಗಳನ್ನು ಮನೆಗಳ ಅನುಕ್ರಮದಲ್ಲಿ ತಾವೇ ಜೋಡಿಸಿಕೊಳ್ಳುತ್ತಿದ್ದರು. ಗೂಡುಗೂಡಾದ ಕಪಾಟಿನ ಮುಂದೆ ನಿಂತು ಮಾಡುವ ಈ ಕೆಲಸಕ್ಕೆ ದಿನದ ಹಲವು ಗಂಟೆಗಳೇ ಹೋಗುತ್ತಿದ್ದವು. 1990ರ ದಶಕದಲ್ಲಿ ಅಮೆರಿಕದಲ್ಲಿ ಬಂದ ಬಾರ್‌ಕೋಡ್ ವಿಂಗಡಣಾ ಯಂತ್ರಗಳು ಗಂಟೆಗೆ ಮೂವತ್ತು ಸಾವಿರಕ್ಕೂ ಹೆಚ್ಚು ಲಕೋಟೆಗಳನ್ನು, ವಿತರಕ ನಡೆಯುವ ದಾರಿಯ ಕ್ರಮದಲ್ಲೇ, ಮನೆಯಿಂದ ಮನೆಗೆ ಜೋಡಿಸಿಕೊಡತೊಡಗಿದವು. ವಿತರಕರ ಕೆಲಸ ಹೋಗಲಿಲ್ಲ, ಅದರ ಅರ್ಧಭಾಗ ಹೋಯಿತು. ಉಳಿದ ಹೊತ್ತನ್ನು ಆಡಳಿತ ಸುಮ್ಮನೆ ಬಿಡುತ್ತದೆಯೇ? ಬೀಟುಗಳು ಉದ್ದವಾದವು. ಹಿಂದೆ ನೆರಳಲ್ಲಿ ಕಳೆಯುತ್ತಿದ್ದ ಗಂಟೆಗಳು ಬೀದಿಗೆ ಬಂದವು. ಯಾಂತ್ರೀಕರಣ ಈ ವೃತ್ತಿಗೆ ಏನು ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ: ಕುಳಿತು ನಿಂತು ಮಾಡುವ ಭಾಗವನ್ನು ತಾನು ಎತ್ತಿಕೊಂಡು, ಮೈ ದಣಿಸುವ ಭಾಗವನ್ನು ಮನುಷ್ಯನಿಗೆ ಬಿಡುತ್ತದೆ.

ಎಲ್ಲ ಯಂತ್ರಗಳೂ ಗೆದ್ದವೆಂದು ತಿಳಿಯಬೇಡಿ. ಲಕೋಟೆಗಳಲ್ಲಿ ಸಿಕ್ಕ ಯಶಸ್ಸನ್ನು ನಿಯತಕಾಲಿಕೆ, ಕ್ಯಾಟಲಾಗ್‌ಗಳಂಥ ದೊಡ್ಡ ಹಾಳೆಯ ಅಂಚೆಗೂ ತರಲು ಅಮೆರಿಕದ ಅಂಚೆ ಇಲಾಖೆ ನೂರು ಕೋಟಿ ಡಾಲರಿಗೂ ಮಿಕ್ಕಿ ಸುರಿದು ನೂರು ಬೃಹತ್ ಯಂತ್ರಗಳನ್ನು ಸ್ಥಾಪಿಸಿತು. ಅವು ನಿರೀಕ್ಷಿಸಿದಂತೆ ಓಡಲಿಲ್ಲ. ಓಡುವ ಹೊತ್ತಿಗೆ ಕ್ಯಾಟಲಾಗ್‌ಗಳೇ ಕಡಿಮೆಯಾಗಿದ್ದವು. ಕೊನೆಗೆ ಅವುಗಳನ್ನು ಕಿತ್ತುಹಾಕಬೇಕಾಯಿತು.

ಭವಿಷ್ಯ ನುಡಿದವರ ಗತಿಯೂ ಅಷ್ಟೇ. 2013ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರಾದ ಫ್ರೇ ಮತ್ತು ಆಸ್ಬೋರ್ನ್ 702 ಉದ್ಯೋಗಗಳನ್ನು ಅಳೆದು, ಅಮೆರಿಕದ ಶೇ 47ರಷ್ಟು ಉದ್ಯೋಗ ಕಂಪ್ಯೂಟರೀಕರಣದ ದೊಡ್ಡ ಅಪಾಯದಲ್ಲಿದೆ ಎಂದರು. ಅವರ ಪಟ್ಟಿಯಲ್ಲಿ, ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ, ಅಂಚೆ ವಿತರಕರಿಗೆ ಸಿಕ್ಕ ಅಪಾಯದ ಅಂಕ 0.68, ಅಂಚೆ ಗುಮಾಸ್ತರಿಗೆ 0.95. ಸುಮಾರು ಅದೇ ಹೊತ್ತಿಗೆ ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ, 2012ರಿಂದ 2022ರೊಳಗೆ ಅಂಚೆ ನೌಕರರ ಸಂಖ್ಯೆ ಶೇ 28ರಷ್ಟು ಕುಸಿಯುತ್ತದೆ ಎಂದು ಅಂದಾಜಿಸಿತ್ತು. ಆ ಹತ್ತು ವರ್ಷ ಮುಗಿದಾಗ ಅಲ್ಲಿ ಮನೆಮನೆಗೆ ಅಂಚೆ ಹಂಚುವವರು ಮೊದಲಿನಂತೆಯೇ ಮೂರು ಲಕ್ಷಕ್ಕೂ ಮೇಲಿದ್ದರು. ಭವಿಷ್ಯ ನುಡಿದವರು ದಡ್ಡರೆಂದು ನಾನು ಹೇಳುತ್ತಿಲ್ಲ. ಪತ್ರಗಳು ಕುಸಿಯುತ್ತವೆ ಎಂಬ ಅವರ ಎಣಿಕೆ ಸರಿಯಾಗಿಯೇ ಇತ್ತು. ಪತ್ರ ಕಡಿಮೆಯಾದರೆ ಪತ್ರ ಹಂಚುವವರೂ ಅಷ್ಟೇ ಕಡಿಮೆಯಾಗುತ್ತಾರೆ ಎಂದುಕೊಂಡದ್ದೇ ತಪ್ಪು.

ಆ ಲೆಕ್ಕ ಏಕೆ ತಪ್ಪುತ್ತದೆ ಎಂಬುದು ನಿಮ್ಮ ಪ್ರಶ್ನೆಯ ತಿರುಳು, ಸ್ವಲ್ಪ ನಿಧಾನವಾಗಿ ನೋಡೋಣ. ಅಮೆರಿಕದಲ್ಲಿ ಸಾಮಾನ್ಯ ಪತ್ರಗಳ ಸಂಖ್ಯೆ 2001ರಲ್ಲಿ ಸುಮಾರು 10,370 ಕೋಟಿ ಮುಟ್ಟಿ, ಅಲ್ಲಿಂದ ಇಳಿಯುತ್ತ ಈಗ ಅದರ ಅರ್ಧಕ್ಕಿಂತಲೂ ಕೆಳಗೆ ಬಂದಿದೆ. ವಿಳಾಸಗಳು ಮಾತ್ರ ವರ್ಷಕ್ಕೆ ಹತ್ತು ಲಕ್ಷದಂತೆ ಹೆಚ್ಚುತ್ತ 16 ಕೋಟಿ ದಾಟಿವೆ. ವಿತರಕನ ದಿನವನ್ನು ನಿರ್ಧರಿಸುವುದು ಚೀಲದಲ್ಲಿ ಎಷ್ಟು ಕಾಗದಗಳಿವೆ ಎಂಬುದಲ್ಲ, ಎಷ್ಟು ಬಾಗಿಲುಗಳ ಮುಂದೆ ನಿಲ್ಲಬೇಕು ಎಂಬುದು. ಒಂದು ಮನೆಗೆ ಐದು ಪತ್ರ ಕೊಡುವುದಕ್ಕೂ ಒಂದು ಪತ್ರ ಕೊಡುವುದಕ್ಕೂ ನಡಿಗೆ ಅಷ್ಟೇ. ಇದರ ಮೇಲೆ ಪಾರ್ಸೆಲ್‌ಗಳು: 2010ಕ್ಕೆ ಹೋಲಿಸಿದರೆ ಅಲ್ಲಿನ ಅಂಚೆ ಹೊರುವ ಪಾರ್ಸೆಲ್‌ಗಳು ಎರಡು ಪಟ್ಟಿಗೂ ಹೆಚ್ಚಾಗಿವೆ. ಪಾರ್ಸೆಲ್ಲು ಮನೆಯ ಅಂಚೆಪೆಟ್ಟಿಗೆಯ ಸೀಳಿನಲ್ಲಿ ಇಳಿಯುವುದಿಲ್ಲ. ಗಾಡಿ ನಿಲ್ಲಿಸಬೇಕು, ಇಳಿಯಬೇಕು, ಹತ್ತಬೇಕು, ಬಾಗಿಲು ತಟ್ಟಬೇಕು, ಸಹಿ ಹಾಕಿಸಿಕೊಳ್ಳಬೇಕು.

ಹಾಗಾದರೆ ಆ ಬಾಗಿಲಿಗೆ ರೋಬಾಟು ಹೋಗುವುದಿಲ್ಲವೇ? ಅದೂ ಹೋಗಿ ನೋಡಿದೆ. ಜರ್ಮನಿಯ ಅಂಚೆ 2017ರಲ್ಲಿ ಬಾಡ್ ಹೆರ್ಸ್‌ಫೆಲ್ಡ್ ಪಟ್ಟಣದಲ್ಲಿ ‘ಪೋಸ್ಟ್‌ಬಾಟ್’ ಎಂಬ ಗಾಡಿಯನ್ನು ಬೀದಿಗಿಳಿಸಿತು. ವಿತರಕನ ಕಾಲುಗಳನ್ನು ಗುರುತಿಸಿ ಅವನ ಹಿಂದೆ ತಾನೇ ಉರುಳಿಕೊಂಡು ಬರುವ ಅದು 150 ಕಿಲೋವರೆಗೆ ಹೊರುತ್ತಿತ್ತು. ಮನುಷ್ಯನ ಜಾಗಕ್ಕೆ ಬಂದ ಯಂತ್ರವಲ್ಲ ಅದು, ಮನುಷ್ಯನ ಬೆನ್ನಿಗೆ ಬಂದ ಯಂತ್ರ. ನನ್ನನ್ನು ಕೇಳಿದರೆ ಇಷ್ಟೂ ಪ್ರಯೋಗಗಳಲ್ಲಿ ಅತ್ಯಂತ ವಿವೇಕದ್ದು ಅದೇ, ಆದರೆ ಅದು ಪ್ರಯೋಗವನ್ನು ದಾಟಲಿಲ್ಲ. ಸ್ವಿಟ್ಜರ್ಲೆಂಡಿನ ಅಂಚೆ 2017ರಿಂದ ಆಸ್ಪತ್ರೆಗಳ ನಡುವೆ ರಕ್ತದ ಮಾದರಿಗಳನ್ನು ಡ್ರೋನ್‌ನಲ್ಲಿ ಸಾಗಿಸಿತು. 2019ರಲ್ಲಿ ಒಂದು ಡ್ರೋನ್ ಜೂರಿಕ್ ಸರೋವರಕ್ಕೆ ಬಿತ್ತು, ಕೆಲವೇ ತಿಂಗಳಲ್ಲಿ ಇನ್ನೊಂದು ಆಡುತ್ತಿದ್ದ ಮಕ್ಕಳ ಸಮೀಪ ಬಿತ್ತು, ಹಾರಾಟ ನಿಂತಿತು. ಅಮೆಜಾನ್‌ನ ಜೆಫ್ ಬೆಜೋಸ್ ನಾಲ್ಕೈದು ವರ್ಷಗಳಲ್ಲಿ ಮನೆಮನೆಗೆ ಡ್ರೋನ್ ಬರುತ್ತದೆ ಎಂದು ಹೇಳಿದ್ದು 2013ರ ಡಿಸೆಂಬರ್‌ನಲ್ಲಿ. ಇಂದಿಗೂ ಅದು ಆಯ್ದ ಕೆಲವು ಊರುಗಳಲ್ಲಿ, ಹಗುರ ಪೊಟ್ಟಣಗಳಿಗೆ ಸೀಮಿತ.

ಡ್ರೋನ್ ನಿಜವಾಗಿ ಉಪಯೋಗಕ್ಕೆ ಬಂದ ಜಾಗವನ್ನೂ ಹೇಳಬೇಕು. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ 2023ರಿಂದ ಬ್ರಿಟನ್ನಿನ ಅಂಚೆ ಸಂಸ್ಥೆ ರಾಯಲ್ ಮೇಲ್ ಡ್ರೋನ್ ಬಳಸಿತು. ಸಮುದ್ರ ಕೆರಳಿದಾಗ ದೋಣಿಗೆ ಕಾಯಬೇಕಿದ್ದ ಅಂಚೆ ಗಾಳಿಯಲ್ಲಿ ದಾಟಿ ಬಂತು. ದ್ವೀಪದಲ್ಲಿ ಅದನ್ನು ಇಳಿಸಿಕೊಂಡು ಮನೆಗಳಿಗೆ ಹಂಚಿದವರು ಮಾತ್ರ ಅಲ್ಲಿನ ಅದೇ ಹಳೆಯ ಅಂಚೆಯವರು. ಇಲ್ಲಿ ಡ್ರೋನ್ ಹಿಡಿದದ್ದು ದೋಣಿಯ ಜಾಗ. ಹೆದ್ದಾರಿಯ ಟ್ರಕ್‌ಗಳಲ್ಲೂ ಹೀಗೆಯೇ ಆಗುತ್ತದೆ ಎಂಬುದು ನನ್ನ ಊಹೆ: 2019ರಲ್ಲಿ ಅಮೆರಿಕದ ಅಂಚೆ ಫೀನಿಕ್ಸ್‌ನಿಂದ ಡಲ್ಲಾಸ್‌ವರೆಗೆ ಸಾವಿರ ಮೈಲಿಗೂ ಹೆಚ್ಚು ದೂರಕ್ಕೆ ಸ್ವಯಂಚಾಲಿತ ಟ್ರಕ್ ಓಡಿಸಿ ನೋಡಿತ್ತು. ಎರಡು ಕೇಂದ್ರಗಳ ನಡುವಿನ ಉದ್ದ, ನೇರ, ಬೇಸರದ ದಾರಿಯೇ ಯಂತ್ರಕ್ಕೆ ಮುಂದಿನ ಬೇಟೆ. ಗೇಟಿನ ಚಿಲಕ, ಒದ್ದೆ ಮೆಟ್ಟಿಲು, ಅಳಿಸಿಹೋದ ಮನೆ ನಂಬರು, ಹಿಂದಿನ ಬಾಗಿಲಿಗೆ ಬನ್ನಿ ಎನ್ನುವ ಅಜ್ಜಿ, ಇವೆಲ್ಲ ಇರುವ ಕೊನೆಯ ಐವತ್ತು ಹೆಜ್ಜೆಯಲ್ಲಿ ಯಂತ್ರ ದುಬಾರಿಯೂ ಹೌದು, ಪೆದ್ದೂ ಹೌದು. ನಾಯಿಗಳನ್ನು ಮರೆತೆ. 2024ರಲ್ಲಿ ಅಮೆರಿಕದ ಅಂಚೆ ನೌಕರರ ಮೇಲೆ ನಾಯಿ ದಾಳಿಯ 6,000ಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಈ ಒಂದು ವಿಷಯದಲ್ಲಿ ಮಾತ್ರ ರೋಬಾಟಿಗೆ ಕೆಲಸ ಬಿಟ್ಟುಕೊಡಲು ಯಾವ ಅಂಚೆಯವರೂ ತಕರಾರು ಮಾಡಲಾರರು.

ಹಿರಿಯರ ಆತಂಕದಲ್ಲಿ ಸತ್ಯವಿಲ್ಲವೆಂದಲ್ಲ. ಅವರು ಬೆರಳು ತೋರಿಸುತ್ತಿರುವ ದಿಕ್ಕು ತಪ್ಪು. ಮೊದಲ ಅಪಾಯ ಪತ್ರಗಳೇ ಇಲ್ಲವಾಗುವುದು, ಡೆನ್ಮಾರ್ಕನ್ನು ನೋಡಿ. 1624ರಿಂದ ಪತ್ರ ಹಂಚಿಕೊಂಡು ಬಂದಿದ್ದ ಅಲ್ಲಿನ ಅಂಚೆ ವ್ಯವಸ್ಥೆ (ಈಗಿನ ಹೆಸರು ಪೋಸ್ಟ್‌ನಾರ್ಡ್) 2025ರ ಡಿಸೆಂಬರ್ 30ರಂದು ತನ್ನ ಕೊನೆಯ ಪತ್ರವನ್ನು ಹಂಚಿ ಕೈತೊಳೆದುಕೊಂಡಿತು. 4,600 ಹುದ್ದೆಗಳಲ್ಲಿ 1,500ಕ್ಕೆ ಕತ್ತರಿ ಬಿತ್ತು. ಅಲ್ಲಿ ಒಂದೇ ಒಂದು ರೋಬಾಟು ಯಾರ ಚೀಲವನ್ನೂ ಕಸಿಯಲಿಲ್ಲ. 2014ರಿಂದ ಸರ್ಕಾರದ ಪತ್ರವ್ಯವಹಾರವನ್ನು ಡಿಜಿಟಲ್ ಅಂಚೆಪೆಟ್ಟಿಗೆಗೆ ಕಡ್ಡಾಯವಾಗಿ ಒಯ್ದರು. ಬ್ಯಾಂಕು, ಆಸ್ಪತ್ರೆ ಎಲ್ಲವೂ ಅದೇ ದಾರಿ ಹಿಡಿದವು. 2000ದಲ್ಲಿ 140 ಕೋಟಿ ಇದ್ದ ಪತ್ರಗಳು 2024ಕ್ಕೆ 11 ಕೋಟಿಗೆ ಇಳಿದವು. ಕೆಲಸ ಮಾಡುವ ಕೈಯನ್ನು ಯಂತ್ರ ಬದಲಿಸಲಿಲ್ಲ, ಕೆಲಸದ ವಸ್ತುವೇ ಮಾಯವಾಯಿತು. ಪತ್ರ ಕೈಬಿಟ್ಟ ಅದೇ ಸಂಸ್ಥೆ ಪಾರ್ಸೆಲ್ ಮಾತ್ರ ಹಂಚುತ್ತಲೇ ಇದೆ. ಉಳಿದ ಪತ್ರಗಳನ್ನು ಒಂದು ಖಾಸಗಿ ಕಂಪನಿ ಹಂಚುತ್ತಿದೆ.

ಎರಡನೆಯ ಅಪಾಯ ನಿಯಮಗಳದ್ದು. ಬಾಗಿಲುಗಳ ಸಂಖ್ಯೆಯೇ ವಿತರಕನ ಅನ್ನ ಎಂದೆನಲ್ಲ, ಆ ಬಾಗಿಲುಗಳನ್ನು ಒಂದು ಸಹಿಯಲ್ಲಿ ಕಡಿಮೆ ಮಾಡಬಹುದು. ಕೆನಡಾ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ, ಇನ್ನೂ ಮನೆಬಾಗಿಲಿಗೆ ಅಂಚೆ ಪಡೆಯುತ್ತಿದ್ದ ಸುಮಾರು 40 ಲಕ್ಷ ವಿಳಾಸಗಳನ್ನು ಸಾಮುದಾಯಿಕ ಪೆಟ್ಟಿಗೆಗಳಿಗೆ ಬದಲಾಯಿಸಲು ತನ್ನ ಅಂಚೆ ನಿಗಮಕ್ಕೆ ಅನುಮತಿ ಕೊಟ್ಟಿತು. ಬೀದಿಯ ತುದಿಯಲ್ಲಿ ಬೀಗವಿರುವ ಪೆಟ್ಟಿಗೆಗಳ ಸಾಲು, ಕೀಲಿ ಹಿಡಿದು ಜನರೇ ಬಂದು ಕಾಗದ ಒಯ್ಯಬೇಕು. ಬ್ರಿಟನ್ನಿನಲ್ಲಿ 2025ರ ಜುಲೈ ಕೊನೆಯಿಂದ ಎರಡನೇ ದರ್ಜೆಯ (ಅಗ್ಗದ, ನಿಧಾನದ) ಪತ್ರಗಳನ್ನು ದಿನ ಬಿಟ್ಟು ದಿನ ಹಂಚಿದರೆ ಸಾಕು ಎಂದಾಯಿತು. ಪಾರ್ಸೆಲ್‌ಗೂ ಇದೇ ಉಪಾಯವಿದೆ: ಜರ್ಮನಿಯಲ್ಲಿ 15,000ಕ್ಕೂ ಹೆಚ್ಚು ಪಾರ್ಸೆಲ್ ಲಾಕರ್‌ಗಳಿವೆ, ಪೋಲೆಂಡಿನಲ್ಲಿ ಅದಕ್ಕಿಂತಲೂ ಹೆಚ್ಚು. ಕಣ್ಣು, ಕಾಲು, ರೆಕ್ಕೆ ಯಾವುದೂ ಇಲ್ಲದ ಈ ತಗಡಿನ ಕಪಾಟು, ಇಷ್ಟು ವರ್ಷ ಪತ್ರಿಕೆಗಳಲ್ಲಿ ಫೋಟೋ ಹಾಕಿಸಿಕೊಂಡ ಎಲ್ಲ ರೋಬಾಟುಗಳಿಗಿಂತ ಹೆಚ್ಚು ಬಾಗಿಲು ನಡಿಗೆಯನ್ನು ಉಳಿಸಿದೆ. ಗ್ರಾಹಕರೇ ಅಲ್ಲಿಗೆ ನಡೆದು ಬರುತ್ತಾರೆ, ಸಂಬಳ ಕೇಳುವುದಿಲ್ಲ.

ಮೂರನೆಯದನ್ನು ನಾನು ಶೀರ್ಷಿಕೆಗೇ ತಂದಿದ್ದೇನೆ, ಏಕೆಂದರೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಅದನ್ನು ನಿಮ್ಮ ಕೈಗೆ ಕೊಡುತ್ತಾರೆ. ಪಾರ್ಸೆಲ್‌ನ ಬಾರ್‌ಕೋಡ್ ಓದುವ ಸ್ಕ್ಯಾನರ್ ಈಗ ನೀವು ಎಲ್ಲಿದ್ದೀರಿ, ಎಷ್ಟು ನಿಮಿಷ ನಿಂತಿರಿ ಎಂಬುದನ್ನೂ ಬರೆದಿಟ್ಟುಕೊಳ್ಳುತ್ತದೆ. ಹಿಂದೆ ಬೀಟಿನ ಉದ್ದ ತೀರ್ಮಾನಿಸಲು ಮೇಲ್ವಿಚಾರಕರು ಜೊತೆಗೆ ನಡೆದು ಎಣಿಸುತ್ತಿದ್ದರು, ವಾದಿಸಲು ಎದುರಿಗೆ ಒಬ್ಬ ಮನುಷ್ಯನಿದ್ದ. ಈಗ ಆ ತೀರ್ಮಾನ ನಿಧಾನವಾಗಿ ತಂತ್ರಾಂಶಕ್ಕೆ ಹೋಗುತ್ತಿದೆ. ಅಮೆರಿಕದಲ್ಲಿ 2023ರ ಮೇ ತಿಂಗಳಲ್ಲಿ ಗ್ರಾಮೀಣ ವಿತರಕರ ವೇತನವನ್ನು ಇಂಥ ದತ್ತಾಂಶದ ಮೇಲೆ ಲೆಕ್ಕ ಹಾಕುವ ಹೊಸ ಪದ್ಧತಿ ಜಾರಿಗೆ ಬಂತು. ಸುಮಾರು ಮೂರನೇ ಎರಡರಷ್ಟು ಬೀಟುಗಳಲ್ಲಿ ಸಂಬಳಕ್ಕೆ ಎಣಿಸುವ ಗಂಟೆಗಳು ಕಡಿಮೆಯಾದವು. ಒಬ್ಬರ ಹುದ್ದೆಯೂ ಹೋಗಲಿಲ್ಲ, ನಿನ್ನೆಯ ದಾರಿಯನ್ನೇ ಇಂದೂ ಸುತ್ತಿದರು, ತಿಂಗಳ ಕೊನೆಗೆ ಕೈಗೆ ಬಂದದ್ದು ಮಾತ್ರ ಬೇರೆ. ಯಾಂತ್ರೀಕರಣ ಎಂದಾಗ ನಾವು ಲೋಹದ ಕೈಕಾಲುಗಳನ್ನು ಕಲ್ಪಿಸಿಕೊಳ್ಳುತ್ತೇವೆ. ಅದು ಬರುವುದು ಹೆಚ್ಚಾಗಿ ಲೆಕ್ಕದ ರೂಪದಲ್ಲಿ.

ಇಷ್ಟೆಲ್ಲ ಹೇಳಿದ ಮೇಲೂ ಬಟವಾಡೆಗೆ ಸೇರಿ ಎಂದೇ ಏಕೆ ಹೇಳುತ್ತೇನೆ? ಹಳೆಯ ಅಂಚೆ ಸಂಸ್ಥೆಗಳಲ್ಲಿ ಹುದ್ದೆಗಳು ಕರಗುವುದು ಹೆಚ್ಚಾಗಿ ನಿವೃತ್ತಿಯ ಮೂಲಕ, ಇದ್ದವರನ್ನು ಹೊರಹಾಕಿ ಅಲ್ಲ. ಅಮೆರಿಕದ ಅಂಚೆಯಲ್ಲಿ ಆರು ವರ್ಷ ನಿರಂತರ ಸೇವೆ ಮುಗಿಸಿದ ಕಾಯಂ ನೌಕರರಿಗೆ ಉದ್ಯೋಗಕಡಿತದಿಂದ ರಕ್ಷಣೆ ಕೊಡುವ ಷರತ್ತು ನೌಕರರ ಒಪ್ಪಂದದಲ್ಲೇ ಇದೆ. ಕಾಯಂ ಆಗುವ ಮುಂಚಿನ ತಾತ್ಕಾಲಿಕ ವರ್ಷಗಳೇ ಕಷ್ಟದವು, ಬಿಟ್ಟು ಹೋಗುವವರಲ್ಲಿ ಹೆಚ್ಚಿನವರು ಆಗಲೇ ಹೋಗುತ್ತಾರೆ. ಇನ್ನೊಂದು ಮಾತು, ಪ್ರತಿದಿನ ಪ್ರತಿ ಬೀದಿಗೂ ಹೋಗುವ ಮನುಷ್ಯ ಎಂಬುದೇ ಒಂದು ಆಸ್ತಿ ಎಂದು ಕೆಲವು ದೇಶಗಳು ಕಂಡುಕೊಂಡಿವೆ. ಫ್ರಾನ್ಸಿನ ಲಾ ಪೋಸ್ತ್ 2017ರಲ್ಲಿ ಒಂಟಿಯಾಗಿರುವ ಹಿರಿಯರನ್ನು ವಿತರಕರು ವಾರವಾರ ಭೇಟಿಯಾಗಿ, ಯೋಗಕ್ಷೇಮವನ್ನು ಮಕ್ಕಳಿಗೆ ತಿಳಿಸುವ ಶುಲ್ಕದ ಸೇವೆ ಆರಂಭಿಸಿತು. ಫಿನ್‌ಲೆಂಡಿನ ಅಂಚೆ 2016ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಂಚೆ ಕಡಿಮೆ ಇರುವ ಮಂಗಳವಾರಗಳಂದು ವಿತರಕರಿಂದ ಮನೆಯಂಗಳದ ಹುಲ್ಲು ಕೊಯ್ಯಿಸುವ ಯೋಜನೆ ತಂದಿತು. ಇದನ್ನು ಓದಿ ನಗು ಬಂದರೆ ತಪ್ಪಿಲ್ಲ. ಇಂಥ ಸೇವೆಗಳ ವರಮಾನದಿಂದ ಪತ್ರಗಳ ನಷ್ಟ ತುಂಬುತ್ತದೆ ಎಂದು ನಾನು ನಂಬುವುದಿಲ್ಲ, ಆದರೂ ಆಡಳಿತಗಳು ವಿತರಕನ ನಡಿಗೆಯನ್ನು ಉಳಿಸಿಕೊಳ್ಳಲು ದಾರಿ ಹುಡುಕುತ್ತಿವೆ ಎಂಬುದಂತೂ ಗೊತ್ತಾಗುತ್ತದೆ.

ನಿಮ್ಮ ವಯಸ್ಸಿಗೆ ಮುಂದೆ ಮೂವತ್ತೈದು ವರ್ಷಗಳ ದುಡಿಮೆಯಿದೆ. ಮೊದಲ ಹದಿನೈದು ವರ್ಷಗಳ ಬಗ್ಗೆ ನನಗೆ ಹೆಚ್ಚಿನ ಭಯವಿಲ್ಲ, ಆಮೇಲಿನದನ್ನು ಖಚಿತವಾಗಿ ಹೇಳುವವರನ್ನು ನಂಬಬೇಡಿ. ಸಹಿ ಹಾಕುವ ಮೊದಲು ಕೆಲವನ್ನು ಕೇಳಿಕೊಳ್ಳಿ. ನೀವು ಸೇರುವ ಸಂಸ್ಥೆಯ ಆದಾಯದಲ್ಲಿ ಪತ್ರದ ಪಾಲೆಷ್ಟು, ಪಾರ್ಸೆಲ್‌ನ ಪಾಲೆಷ್ಟು? ದೊಡ್ಡ ಆನ್‌ಲೈನ್ ವ್ಯಾಪಾರಿಗಳು ತಮ್ಮದೇ ವಾಹನಗಳಲ್ಲಿ ಹಂಚಲು ಶುರುಮಾಡಿದ್ದಾರೆಯೇ? ಮನೆಬಾಗಿಲ ಬಟವಾಡೆ, ವಾರಕ್ಕೆ ಇಷ್ಟು ದಿನ ಎಂಬುದು ಕಾನೂನಿನಲ್ಲಿದೆಯೇ, ಬರೀ ಆಡಳಿತದ ಸುತ್ತೋಲೆಯಲ್ಲಿದೆಯೇ? ಕಾಯಂ ಆಗಲು ಎಷ್ಟು ವರ್ಷ? ಬೀಟಿನ ಲೆಕ್ಕವನ್ನು ತಂತ್ರಾಂಶ ಮಾಡುತ್ತದೆಯಾದರೆ ಅದನ್ನು ಪ್ರಶ್ನಿಸಲು ದಾರಿಯಿದೆಯೇ, ನೌಕರರ ಒಕ್ಕೂಟಕ್ಕೆ ಆ ದತ್ತಾಂಶ ಸಿಗುತ್ತದೆಯೇ? ಕೊನೆಯದನ್ನು ಯಾರೂ ಕೇಳುವುದಿಲ್ಲ, ಕೇಳಲೇಬೇಕಾದದ್ದು ಅದೇ. ಸೇರಿದ ಮೇಲೆ ನಿಮ್ಮ ದಿನಚರಿಯನ್ನು, ಅಂದರೆ ಎಷ್ಟು ಹೊತ್ತಿಗೆ ಹೊರಟಿರಿ, ಎಲ್ಲಿ ತಡವಾಯಿತು, ಏಕೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಯಂತ್ರದ ಲೆಕ್ಕಕ್ಕೆ ಎದುರಾಗಿ ನಿಮ್ಮ ಬಳಿಯೂ ಒಂದು ಲೆಕ್ಕವಿರಲಿ. ಮೊಣಕಾಲು, ಬೆನ್ನು ಜೋಪಾನ, ಪಾರ್ಸೆಲ್ ಹೆಚ್ಚಿದಂತೆ ಈ ವೃತ್ತಿಯಲ್ಲಿ ಬೇಗ ಸವೆಯುವುದು ಅವೇ.

ಇಷ್ಟರ ಮೇಲೂ ಸಾರ್ಟಿಂಗ್ ಕೇಂದ್ರಕ್ಕೇ ಹೋಗಬೇಕೆಂದಿದ್ದರೆ ವಿಂಗಡಣೆಯ ಹುದ್ದೆಗೆ ಹೋಗಬೇಡಿ, ಆ ಯಂತ್ರಗಳನ್ನು ದುರಸ್ತಿ ಮಾಡುವ ವಿಭಾಗಕ್ಕೆ ಪ್ರಯತ್ನಿಸಿ. ಬೆಲ್ಟು, ಸೆನ್ಸರು, ಮೋಟಾರುಗಳ ಕೆಲಸ ಬಲ್ಲವರು ಪಾರ್ಸೆಲ್ ಗೋದಾಮುಗಳಿಗೂ ಬೇಕು, ಅಂಚೆಯನ್ನು ಬಿಟ್ಟರೂ ನಡೆಯುತ್ತದೆ. ಅದಕ್ಕೆ ಎಲೆಕ್ಟ್ರಿಕಲ್ ಅಥವಾ ಮೆಕ್ಯಾನಿಕಲ್ ತರಬೇತಿ ಬೇಕಾಗುತ್ತದೆ. ನಿಮಗೆ ಅದು ಇದೆಯೇ ಎಂದು ಬರೆದಿಲ್ಲ. ಇದ್ದರೆ ನನ್ನ ಮೊದಲ ಪ್ಯಾರಾದ ಸಲಹೆಯನ್ನು ತಿರುವಿ ಹಾಕಿಕೊಳ್ಳಿ.